ಮದ್ಯದಲ್ಲಿ ವಿಷಶೋಧನೆಯ ಚರಿತ್ರೆ

ಅನ್ನಪಾನಗಳಲ್ಲಿ ಬೆರೆತಿರುವ ವಿಷವನ್ನು ಗುರುತಿಸುವ ವಿದ್ಯೆಯು ಬಹು ಪ್ರಾಚೀನವಾದುದು. ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಮೈಸೂರಿನಿಂದ ಪ್ರಕಟಪಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಲ್ಲಿ, ರಾಜನ ಆತ್ಮರಕ್ಷಣೆಯನ್ನು ಕುರಿತ ಪ್ರಕರಣದೊಳಗೆ, ಈ ವಿದ್ಯೆಯ ಸಂಗ್ರಹವೊಂದು ದೊರೆಯುತ್ತದೆ. ಅರಸನು ಉಣ್ಣುವ ಮೊದಲು ಅನ್ನವನ್ನು ಅಗ್ನಿಗೂ ಪಕ್ಷಿಗಳಿಗೂ ಹಾಕಿ ನೋಡಬೇಕೆಂದೂ, ವಿಷವಿದ್ದ ಪಕ್ಷದಲ್ಲಿ ಜ್ವಾಲೆಯೂ ಹೊಗೆಯೂ ನೀಲಿಯಾಗುವುವೆಂದೂ, ಮದ್ಯದಲ್ಲಿಯೂ ನೀರಿನಲ್ಲಿಯೂ ಕಪ್ಪು ಗೆರೆ ತೋರುವುದೆಂದೂ ಅಲ್ಲಿ ಹೇಳಿದೆ. ಈ ಲಕ್ಷಣಗಳಲ್ಲಿ ಎಷ್ಟು ನಿಜವೆಂಬುದು ಬೇರೆಯ ಮಾತು. ಕಣ್ಣಿಗೆ ಕಾಣದ ದ್ರವ್ಯವನ್ನು ಬಣ್ಣದ ವ್ಯತ್ಯಾಸದಿಂದ ಹೊರಪಡಿಸಬಹುದೆಂಬ ಭಾವನೆಯೇನೋ ಅಲ್ಲಿ ಸ್ಪಷ್ಟವಾಗಿದೆ. ಆದರೆ ಅಲ್ಲಿ ಹುಡುಕುತ್ತಿರುವ ವಿಷವು ಶತ್ರುವೊಬ್ಬನು ಬೇಕೆಂದು ಇಟ್ಟ ವಿಷ. ಅದು ಒಬ್ಬ ಮನುಷ್ಯನ ಪಾತ್ರೆಯಲ್ಲಿರತಕ್ಕದ್ದು.

ಪ್ರಕೃತ ಲೇಖನದ ವಿಷಯವು ಇನ್ನೊಂದು ಬಗೆಯ ವಿಷ. ಇದನ್ನು ಯಾರೂ ದ್ವೇಷದಿಂದ ಬೆರೆಸುವುದಿಲ್ಲ. ವ್ಯಾಪಾರದ ಲಾಭಕ್ಕಾಗಿ, ಪದಾರ್ಥದ ಅಗ್ಗತನಕ್ಕಾಗಿ, ಅನೇಕ ವೇಳೆ ಕೇವಲ ಅಜ್ಞಾನದಿಂದ, ಇದು ಸಾವಿರಾರು ಜನರು ಕುಡಿಯುವ ಪೀಪಾಯಿಯನ್ನು ಸೇರುತ್ತದೆ. ಹೀಗೆ ಸೇರಿದುದನ್ನು ಕಂಡುಹಿಡಿಯುವ ಪರೀಕ್ಷಾಕ್ರಮಗಳು ಯೂರೋಪಿನಲ್ಲಿ ಹೇಗೆ ಬೆಳೆದುವು, ಆ ಪರೀಕ್ಷೆಗಳು ಯಾವುದನ್ನು ಹೇಳಬಲ್ಲವಾಗಿದ್ದುವು, ಯಾವುದನ್ನು ಹೇಳಲಾರದೆ ಹೋದುವು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಮಾಡುವೆವು.

ಮೊದಲು ಸೀಸದ ವಿಷಯ. ದ್ರಾಕ್ಷಾರಸವನ್ನು ಕುದಿಸಿ ಇಂಗಿಸಿ ಪಾಕಮಾಡಿ, ಆ ಪಾಕದಿಂದ ಹುಳಿಮದ್ಯವನ್ನು ಸಿಹಿಮಾಡುವುದು ರೋಮನರ ಪದ್ಧತಿಯಾಗಿತ್ತು. ಈ ಪಾಕಕ್ಕೆ ತಾಮ್ರಕ್ಕಿಂತ ಸೀಸದ ಪಾತ್ರೆಯೇ ಮೇಲೆಂದು ಕೃಷಿಗ್ರಂಥಕರ್ತನಾದ ಕೊಲುಮೆಲ್ಲನು ಹೇಳಿದ್ದಾನೆ. ಮದ್ಯವು ಕೆಟ್ಟಾಗ ಹುಟ್ಟುವ ಸಿರ್ಕಾದ ಆಮ್ಲವು ಸೀಸದೊಡನೆ ಕೂಡಿದರೆ ಒಂದು ಬಗೆಯ ಲವಣವಾಗುತ್ತದೆ. ಅದರ ರುಚಿ ಸಿಹಿ. ಆದುದರಿಂದಲೇ ಅದಕ್ಕೆ ಸೀಸಶರ್ಕರೆಯೆಂದು ಹೆಸರಾಯಿತು. ಹುಳಿಯನ್ನು ಅಡಗಿಸಿ ಸಿಹಿಯನ್ನು ಕೊಡುವ ಪದಾರ್ಥವು ಮದ್ಯದ ವರ್ತಕನಿಗೆ ಎಷ್ಟು ಪ್ರಿಯವಾಗಿರಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಟ್ಟೆಯಲ್ಲಿ ಸಹಿಸಲಾಗದ ಶೂಲೆ, ಮಲಬದ್ಧತೆ, ಕೈಗಳ ಪಾರ್ಶ್ವವಾಯು, ಕೊನೆಗೆ ಅಪಸ್ಮಾರ, ಮರಣ ಇವು ಇದರ ಫಲ. ಫ್ರಾನ್ಸಿನ ಪ್ವಾತು ಸೀಮೆಯಲ್ಲಿ ಈ ರೋಗವು ಹಬ್ಬಿದುದನ್ನು ಫ್ರಾಂಸ್ವಾ ಸಿತ್ವಾ ಎಂಬ ವೈದ್ಯನು ೧೬೧೬ರಲ್ಲಿ ವರ್ಣಿಸಿದನು. ಆದರೆ ವರ್ಣಿಸಿದನೇ ಹೊರತು ಕಾರಣವನ್ನು ಕಾಣಲಿಲ್ಲ.

ಕಾರಣವನ್ನು ಕಂಡವನು ಜರ್ಮನಿಯ ಉಲ್ಮ್ ಪಟ್ಟಣದ ವೈದ್ಯನಾದ ಎಬೆರ್‌ಹಾರ್ಡ್ ಗೋಕೆಲ್. ೧೬೯೦ರ ದಶಕದಲ್ಲಿ ಅಲ್ಲಿಯ ಮಠಗಳ ಸನ್ಯಾಸಿಗಳಿಗೆ ಈ ಶೂಲೆಯು ಬಂದಿತು. ಒಂದೇ ಛಾವಣಿಯ ಕೆಳಗೆ ಒಂದೇ ಅನ್ನವನ್ನು ಉಂಡವರಲ್ಲಿ ಮದ್ಯವನ್ನು ಮುಟ್ಟದವರಿಗೆ ಮಾತ್ರ ರೋಗವಿಲ್ಲದಿದ್ದುದನ್ನು ಗೋಕೆಲನು ಗಮನಿಸಿದನು. ಗಾಸ್ಲಾರಿನ ಗಣಿಗಾರರು ಸೀಸದ ಹೊಗೆಯಿಂದ ಇಂತಹದೇ ರೋಗಕ್ಕೆ ಈಡಾಗುವರೆಂದು ಸ್ಟಾಕ್‌ಹೌಸನ್ ಎಂಬ ವೈದ್ಯನು ೧೬೫೬ರಲ್ಲಿ ಬರೆದಿದ್ದುದು ಅವನಿಗೆ ತಿಳಿದಿತ್ತು. ಈ ಎರಡನ್ನೂ ಜೋಡಿಸಿ, ಮದ್ಯವನ್ನು ತಿದ್ದಲು ವರ್ತಕರು ಉಪಯೋಗಿಸುತ್ತಿದ್ದ ಮೃದ್ದಾರಶೃಂಗವೇ, ಎಂದರೆ ಸೀಸದ ಭಸ್ಮವೇ, ಅನರ್ಥಕ್ಕೆ ಮೂಲವೆಂದು ಅವನು ನಿಶ್ಚಯಿಸಿದನು. ವರ್ಟೆಂಬರ್ಗಿನ ಪ್ರಭುವು ೧೬೯೬ರಲ್ಲಿ ಮದ್ಯಕ್ಕೆ ಈ ದ್ರವ್ಯವನ್ನು ಬೆರೆಸುವವರಿಗೆ ಮರಣದಂಡನೆಯನ್ನು ವಿಧಿಸಿ ಶಾಸನವನ್ನು ಹೊರಡಿಸಿದನು. ಗೋಕೆಲನ ಬಳಿ ಯಾವ ವಿಶೇಷ ರಾಸಾಯನಿಕ ಪರೀಕ್ಷೆಯೂ ಇರಲಿಲ್ಲವೆಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕು. ರೋಗಿಗಳನ್ನೂ ಆರೋಗ್ಯವಂತರನ್ನೂ ಎಣಿಸಿ, ಅವರಲ್ಲಿ ಭೇದವೆಲ್ಲಿದೆಯೆಂದು ನೋಡಿದುದೇ ಅವನ ಮುಖ್ಯ ಸಾಧನ.

ಶಾಸನವು ಹುಟ್ಟಿದೊಡನೆ ಸಾಕ್ಷ್ಯದ ಪ್ರಶ್ನೆಯೂ ಹುಟ್ಟಿತು. ಒಬ್ಬ ವರ್ತಕನ ತಲೆಯನ್ನು ತೆಗೆಯಬೇಕಾದರೆ ಅವನ ಪೀಪಾಯಿಯಲ್ಲಿ ಸೀಸವಿದ್ದುದನ್ನು ತೋರಿಸಬೇಕಷ್ಟೆ. ಇದಕ್ಕಾಗಿ ವರ್ಟೆಂಬರ್ಗಿನ ಪರೀಕ್ಷಾದ್ರವವೆಂದು ಪ್ರಸಿದ್ಧವಾದ ಒಂದು ದ್ರವವು ಬಳಕೆಗೆ ಬಂದಿತು. ಹರಿದಾಳವನ್ನೂ ಸುಣ್ಣವನ್ನೂ ನೀರಿನಲ್ಲಿ ಕೂಡಿಸಿ ಇದನ್ನು ಮಾಡುತ್ತಿದ್ದರು. ಇದರಲ್ಲಿರುವ ಗಂಧಕವು ಮದ್ಯದಲ್ಲಿನ ಸೀಸದೊಡನೆ ಕೂಡಿ ಕಪ್ಪು ಗಷ್ಟಾಗಿ ಕೆಳಗಿಳಿಯುತ್ತಿತ್ತು. ಆದರೆ ಈ ಪರೀಕ್ಷೆಯಲ್ಲಿ ಒಂದು ದೊಡ್ಡ ದೋಷವಿತ್ತು. ಕಬ್ಬಿಣವಿದ್ದರೂ ಅದೇ ಕಪ್ಪು ತೋರುತ್ತಿತ್ತು. ಪೀಪಾಯಿಯ ಮೊಳೆಯಿಂದಲೋ ಪಟ್ಟಿಯಿಂದಲೋ ಕಬ್ಬಿಣದ ಅಂಶವು ಮದ್ಯಕ್ಕೆ ಇಳಿಯುವುದು ಸಾಮಾನ್ಯ, ಅದು ನಿರಪಾಯಕರ. ಹೀಗಿರಲಾಗಿ ನಿರಪರಾಧಿಯಾದ ವರ್ತಕನೂ ವಿಷ ಬೆರೆಸಿದವನೂ ಒಂದೇ ಕಪ್ಪು ಬಣ್ಣದಿಂದ ಸಮಾನರಾಗಿ ತೋರುತ್ತಿದ್ದರು.

ಈ ದೋಷವನ್ನು ನಿವಾರಿಸಿದವನು ಸಾಮ್ಯುಯೆಲ್ ಹಾನೆಮಾನ್. ಹೋಮಿಯೋಪತಿಯ ಪ್ರವರ್ತಕನೆಂದು ನಮ್ಮ ದೇಶದಲ್ಲಿ ಮನೆಮಾತಾಗಿರುವ ಈತನು ಅದಕ್ಕಿಂತ ಮೊದಲು ನಿಪುಣನಾದ ರಸಾಯನಶಾಸ್ತ್ರಜ್ಞನಾಗಿದ್ದನೆಂಬುದನ್ನು ಬಹುಮಂದಿ ಅರಿಯರು. ೧೭೮೮ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವನು, ಗಂಧಕ ಜಲಜನಕ ಅನಿಲವನ್ನು ಹೀರಿಸಿದ ನೀರಿಗೆ ಆಮ್ಲವನ್ನು ಸೇರಿಸಿ ಪರೀಕ್ಷಿಸಿದರೆ ಸೀಸವು ಮಾತ್ರ ಕಪ್ಪಾಗಿ ಇಳಿಯುವುದೆಂದೂ ಕಬ್ಬಿಣವು ದ್ರವದಲ್ಲಿಯೇ ನಿಲ್ಲುವುದೆಂದೂ ತೋರಿಸಿದನು. ಲೋಹಗಳ ಗಂಧಕ ಸಂಯೋಗಗಳಲ್ಲಿ ಕೆಲವು ಆಮ್ಲದಲ್ಲಿ ಕರಗುವುವು, ಕೆಲವು ಕರಗವು ಎಂಬ ಸಾಮಾನ್ಯ ಭೇದವೇ ಇದಕ್ಕೆ ಆಧಾರ. ಇಂದಿಗೂ ವಿದ್ಯಾರ್ಥಿಗಳು ಲೋಹಗಳನ್ನು ವರ್ಗವರ್ಗವಾಗಿ ಬೇರ್ಪಡಿಸುವುದು ಈ ಭೇದದಿಂದಲೇ. ವಿಷವನ್ನು ತೋರಿಸುವುದು ಎಷ್ಟು ಅಗತ್ಯವೋ ವಿಷವಲ್ಲದುದನ್ನು ವಿಷವೆನ್ನದಿರುವುದೂ ಅಷ್ಟೇ ಅಗತ್ಯವೆಂಬ ತತ್ತ್ವವು ಹಾನೆಮಾನನ ಪರೀಕ್ಷೆಯಲ್ಲಿ ಮೂರ್ತಿವೆತ್ತಿತು.

ಇದಕ್ಕೆ ೨೧ ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಜಾರ್ಜ್ ಬೇಕರನು ಮಾಡಿದ ಕೆಲಸವನ್ನೂ ಇಲ್ಲಿ ನೆನೆಯಬೇಕು. ಡೆವನ್ ಸೀಮೆಯಲ್ಲಿ ಸೇಬಿನ ಮದ್ಯವನ್ನು ಕುಡಿಯುವವರಿಗೆ ವರ್ಷವರ್ಷವೂ ಶೂಲೆ ಬರುತ್ತಿತ್ತು. ಸೇಬಿನ ಹುಳಿಯೇ ಕಾರಣವೆಂದು ಜನರು ನಂಬಿದ್ದರು. ಹಾಗಾದರೆ ಹೆರೆಫರ್ಡ್ ಸೀಮೆಯಲ್ಲಿಯೂ ಅದೇ ಮದ್ಯವನ್ನು ಕುಡಿಯುವವರಿಗೆ ಈ ರೋಗವೇಕಿಲ್ಲವೆಂದು ಬೇಕರನು ಪ್ರಶ್ನಿಸಿದನು. ವಿಚಾರಿಸಲಾಗಿ, ಡೆವನ್ನಿನಲ್ಲಿ ಸೇಬು ಅರೆಯುವ ಕಲ್ಲುಗಳ ಸಂದುಗಳಿಗೂ ರಸ ಹಿಂಡುವ ತೊಟ್ಟಿಗಳಿಗೂ ಸೀಸವನ್ನು ಉಪಯೋಗಿಸುತ್ತಿದ್ದರೆಂದೂ, ಹೆರೆಫರ್ಡಿನಲ್ಲಿ ಹಾಗಿಲ್ಲವೆಂದೂ ತಿಳಿಯಿತು. ಎರಡು ಸೀಮೆಗಳ ಮದ್ಯವನ್ನೂ ಗಂಧಕದ ದ್ರವದಿಂದ ಪರೀಕ್ಷಿಸಲು, ಡೆವನ್ನಿನದು ಮಾತ್ರ ಕಪ್ಪಾಯಿತು. ಅಷ್ಟಕ್ಕೆ ತೃಪ್ತನಾಗದೆ, ೧೮ ಸೀಸೆಗಳ ಮದ್ಯದಿಂದ ನಾಲ್ಕೂವರೆ ಗ್ರೇನ್ ಸೀಸವನ್ನು ಲೋಹರೂಪದಲ್ಲಿ ತೆಗೆದು, ೧೭೬೭ರಲ್ಲಿ ಲಂಡನ್ನಿನ ವೈದ್ಯಪರಿಷತ್ತಿನ ಮುಂದೆ ತನ್ನ ನಿರ್ಣಯವನ್ನು ಓದಿದನು. ತಾನೂ ಡೆವನ್ನಿನಲ್ಲಿ ಹುಟ್ಟಿದವನೇ ಆದರೂ, ನಾಡಿನ ಉದ್ಯಮಕ್ಕೆ ಕಳಂಕ ತಂದವನೆಂಬ ನಿಂದೆಗೆ ಅವನು ಗುರಿಯಾಗಬೇಕಾಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ವಿಷಪರೀಕ್ಷಕರ ಗಮನವು ಸೀಸದಿಂದ ಪಾಷಾಣಕ್ಕೆ ತಿರುಗಿತು. ೧೮೩೩ರಲ್ಲಿ ಇಂಗ್ಲೆಂಡಿನಲ್ಲಿ ಅಜ್ಜನ ಕಾಫಿಗೆ ಪಾಷಾಣ ಹಾಕಿದನೆಂಬ ಆರೋಪದ ಮೇಲೆ ಜಾನ್ ಬಾಡ್ಲ್ ಎಂಬವನ ವಿಚಾರಣೆ ನಡೆಯಿತು. ವೂಲಿಚ್ಚಿನ ರಸಾಯನಜ್ಞ ಜೇಮ್ಸ್ ಮಾರ್ಷನು ಗಂಧಕ ಜಲಜನಕದ ಕ್ರಮದಿಂದ ಹಳದಿಯ ಗಷ್ಟನ್ನು ಪಡೆದಿದ್ದನು. ಆದರೆ ನ್ಯಾಯದರ್ಶಿಗಳ ಕಣ್ಣಿಗೆ ಬೀಳುವ ಹೊತ್ತಿಗೆ ಅದು ಕೆಟ್ಟುಹೋಗಿತ್ತು, ಆರೋಪಿಯು ಬಿಡುಗಡೆ ಹೊಂದಿದನು. ಇದರಿಂದ ಮನನೊಂದು ಮಾರ್ಷನು ೧೮೩೬ರಲ್ಲಿ ತನ್ನ ಹೆಸರಿನ ಪ್ರಸಿದ್ಧ ಪರೀಕ್ಷೆಯನ್ನು ಪ್ರಕಟಿಸಿದನು. ಸತುವನ್ನೂ ಗಂಧಕಾಮ್ಲವನ್ನೂ ಕೂಡಿಸಿದರೆ ಜಲಜನಕವು ಹೊರಡುತ್ತದೆ. ಅಲ್ಲಿ ಪಾಷಾಣವಿದ್ದರೆ ಅದು ಜಲಜನಕದೊಡನೆ ಕೂಡಿ ಅನಿಲವಾಗಿ ಬರುತ್ತದೆ. ಆ ಅನಿಲವನ್ನು ಕಾಯಿಸಿದರೆ ಒಡೆದು, ಗಾಜಿನ ಮೇಲೆ ಕನ್ನಡಿಯಂತೆ ಹೊಳೆಯುವ ಕಪ್ಪು ಲೇಪವಾಗಿ ನಿಲ್ಲುತ್ತದೆ. ಕೆಲವು ವರ್ಷಗಳ ಮೇಲೆ ಹ್ಯೂಗೋ ರೈನ್ಷನು ಇನ್ನೂ ಸುಲಭವಾದ ಕ್ರಮವನ್ನು ಹೇಳಿದನು: ಸಂದೇಹಾಸ್ಪದವಾದ ದ್ರವಕ್ಕೆ ಲವಣಾಮ್ಲವನ್ನು ಸೇರಿಸಿ, ಶುದ್ಧವಾದ ತಾಮ್ರದ ತಗಡನ್ನು ಅದರಲ್ಲಿ ಕುದಿಸಿದರೆ, ಪಾಷಾಣವು ತಗಡಿನ ಮೇಲೆ ಬೂದುಗಪ್ಪಾಗಿ ಕೂರುತ್ತದೆ.

ಈ ಪರೀಕ್ಷೆಗಳು ಅತಿ ಸೂಕ್ಷ್ಮವಾದುವು. ಅವುಗಳ ಅಪಾಯವೂ ಆ ಸೂಕ್ಷ್ಮತೆಯಲ್ಲಿಯೇ ಅಡಗಿತ್ತು. ಸತು, ಗಂಧಕಾಮ್ಲ, ತಾಮ್ರ ಈ ಮೂರರಲ್ಲಿಯೂ ಪಾಷಾಣದ ಅಂಶವು ಸಹಜವಾಗಿಯೇ ಇರುವುದುಂಟು. ೧೮೫೯ರಲ್ಲಿ ಸ್ಮೆಥರ್ಸ್ಟ್ ಎಂಬ ವೈದ್ಯನ ಮೇಲಿನ ಕೊಲೆಯ ಮೊಕದ್ದಮೆಯಲ್ಲಿ, ಇಂಗ್ಲೆಂಡಿನ ಅಗ್ರಗಣ್ಯ ವಿಷಶಾಸ್ತ್ರಜ್ಞನಾದ ಆಲ್ಫ್ರೆಡ್ ಸ್ವೇನ್ ಟೇಲರನು ಒಂದು ಸೀಸೆಯಲ್ಲಿ ಪಾಷಾಣವನ್ನು ಕಂಡೆನೆಂದು ಮೊದಲು ಹೇಳಿ, ಬಳಿಕ ಅದು ತಾನು ಉಪಯೋಗಿಸಿದ ತಾಮ್ರದಿಂದಲೇ ಬಂದುದೆಂದು ನ್ಯಾಯಸ್ಥಾನದಲ್ಲಿ ಒಪ್ಪಿಕೊಳ್ಳಬೇಕಾಯಿತು. ಮರಣದಂಡನೆಗೆ ಗುರಿಯಾದ ಆರೋಪಿಗೆ ಕೊನೆಗೆ ಕ್ಷಮೆ ದೊರೆಯಿತು. ಪರೀಕ್ಷಿಸಬೇಕಾದ ಪದಾರ್ಥವನ್ನು ಹಾಕುವ ಮೊದಲು ಸಾಧನದ್ರವ್ಯಗಳನ್ನು ಮಾತ್ರ ಸೇರಿಸಿ ಶೂನ್ಯಪರೀಕ್ಷೆಯನ್ನು ನಡೆಸಬೇಕೆಂಬ ನಿಯಮದ ಮಹತ್ವವನ್ನು ಈ ಘಟನೆಯು ಎಲ್ಲರಿಗೂ ಮನಗಾಣಿಸಿತು.

ಇಷ್ಟು ಸಾಧನಗಳು ಕೈಯಲ್ಲಿದ್ದರೂ, ಶತಮಾನದ ಕೊನೆಯಲ್ಲಿ ಸಾವಿರಾರು ಬಡವರು ವಿಷವನ್ನು ಕುಡಿಯುತ್ತಿದ್ದಾಗ ಯಾರೂ ಅವನ್ನು ಉಪಯೋಗಿಸಲಿಲ್ಲವೆಂಬುದು ಈ ಚರಿತ್ರೆಯ ಅತ್ಯಂತ ವಿಷಾದಕರವಾದ ಅಧ್ಯಾಯ. ೧೯೦೦ರಲ್ಲಿ ಮ್ಯಾಂಚೆಸ್ಟರ್ ಸಾಲ್ಫರ್ಡ್ ನಗರಗಳಲ್ಲಿಯೂ ಸುತ್ತಣ ಊರುಗಳಲ್ಲಿಯೂ ನರಗಳ ರೋಗವೊಂದು ವಿಪರೀತವಾಗಿ ಹಬ್ಬಿತು. ಕೈಕಾಲುಗಳಲ್ಲಿ ಉರಿ, ಜೋಮು, ಬಲಹೀನತೆ, ನಡೆಯಲಾರದ ಸ್ಥಿತಿ ಇವು ಅದರ ಲಕ್ಷಣಗಳು. ಮದ್ಯದ ಅತಿಪಾನದಿಂದ ಇಂತಹ ನರರೋಗವು ಬರುವುದೆಂದು ವೈದ್ಯರು ಮೊದಲೇ ತಿಳಿದಿದ್ದರು, ಅದಕ್ಕೆ ಹೆಸರನ್ನೂ ಇಟ್ಟಿದ್ದರು. ರೋಗಿಗಳು ಬಡವರು, ಬಿಯರ್ ಕುಡಿಯುವವರು. ಆದುದರಿಂದ ಇದು ಅವರ ದುರಭ್ಯಾಸದ ಫಲವೆಂದು ಹೇಳುವುದು ಸುಲಭವಾಯಿತು. ತಾನು ಹೆಚ್ಚಾಗಿ ಕುಡಿಯುವವನಲ್ಲವೆಂದು ರೋಗಿಯು ಹೇಳಿದರೆ ಆ ಮಾತನ್ನು ಸುಳ್ಳೆಂದೇ ಎಣಿಸುತ್ತಿದ್ದರು. ಹೀಗೆ ರೋಗದ ಹೆಸರೇ ರೋಗದ ಕಾರಣವನ್ನು ಮರೆಮಾಡಿತು.

ಮ್ಯಾಂಚೆಸ್ಟರಿನ ಬಡವರ ಆಸ್ಪತ್ರೆಯ ವೈದ್ಯನಾದ ಅರ್ನೆಸ್ಟ್ ಸೆಪ್ಟಿಮಸ್ ರೆನಾಲ್ಡ್ಸನಿಗೆ ಮಾತ್ರ ಈ ವಿವರಣೆಯು ಒಪ್ಪಿಗೆಯಾಗಲಿಲ್ಲ. ಅವನ ಸಂದೇಹಕ್ಕೆ ಎರಡು ಆಧಾರಗಳಿದ್ದುವು. ಮೊದಲನೆಯದಾಗಿ, ಬಿಯರಿಗಿಂತ ಎಷ್ಟೋ ಪಾಲು ಹೆಚ್ಚು ಮದ್ಯಸಾರವುಳ್ಳ ವಿಸ್ಕಿ ಮುಂತಾದುವನ್ನು ಕುಡಿಯುವವರಿಗೆ ಈ ರೋಗವು ಬಂದಿರಲಿಲ್ಲ. ಎರಡನೆಯದಾಗಿ, ರೋಗಿಗಳ ಚರ್ಮವು ಕಪ್ಪಾಗುತ್ತಿತ್ತು, ಅಂಗೈ ಅಂಗಾಲುಗಳು ದಪ್ಪವಾಗುತ್ತಿದ್ದುವು, ಅನೇಕರಿಗೆ ಸರ್ಪಸುತ್ತು ಏಳುತ್ತಿತ್ತು. ಇವು ಮದ್ಯಸಾರದ ಲಕ್ಷಣಗಳಲ್ಲ. ಪಾಷಾಣವನ್ನು ಔಷಧವಾಗಿ ಬಹುದಿನ ಸೇವಿಸಿದವರಲ್ಲಿ ಕಾಣುವ ಲಕ್ಷಣಗಳು. ಆ ವರ್ಷದ ನವೆಂಬರಿನಲ್ಲಿ ರೆನಾಲ್ಡ್ಸನು ರೋಗಿಗಳು ಕುಡಿಯುತ್ತಿದ್ದ ಬಿಯರನ್ನು ತರಿಸಿ, ರೈನ್ಷನ ಕ್ರಮದಿಂದ ಪರೀಕ್ಷಿಸಿದನು. ತಾಮ್ರದ ತಗಡು ಕಪ್ಪಾಯಿತು. ಅರವತ್ತು ವರ್ಷಗಳಿಂದ ಪ್ರತಿಯೊಬ್ಬ ವಿದ್ಯಾರ್ಥಿಗೂ ತಿಳಿದಿದ್ದ ಪರೀಕ್ಷೆಯದು. ಅದನ್ನು ಆ ಬಿಯರಿಗೆ ಅನ್ವಯಿಸಬೇಕೆಂಬ ಆಲೋಚನೆಯೊಂದೇ ಹೊಸದು.

ಪಾಷಾಣವು ಬಿಯರಿಗೆ ಬಂದ ಮಾರ್ಗವನ್ನು ಹಿಂದಿರುಗಿ ಹುಡುಕುತ್ತ ಹೋದಾಗ ಆಶ್ಚರ್ಯಕರವಾದ ಸಂಗತಿಗಳು ಹೊರಬಿದ್ದುವು. ೧೮೮೦ರ ಶಾಸನದಿಂದ ಇಂಗ್ಲೆಂಡಿನ ಬಿಯರ್ ತಯಾರಕರಿಗೆ ಮಾಲ್ಟಿನೊಡನೆ ಇತರ ಪದಾರ್ಥಗಳನ್ನೂ ಯಥೇಚ್ಛವಾಗಿ ಉಪಯೋಗಿಸುವ ಸ್ವಾತಂತ್ರ್ಯವು ದೊರೆತಿತ್ತು. ಅಗ್ಗದ ಬಿಯರಿಗೆ ಗ್ಲೂಕೋಸನ್ನೂ ಅದೇ ತರದ ಸಕ್ಕರೆಗಳನ್ನೂ ಧಾರಾಳವಾಗಿ ಹಾಕುತ್ತಿದ್ದರು. ಪಿಷ್ಟವನ್ನಾಗಲಿ ಕಬ್ಬಿನ ಸಕ್ಕರೆಯನ್ನಾಗಲಿ ಗಂಧಕಾಮ್ಲದೊಡನೆ ಕಾಯಿಸಿ ಇವನ್ನು ಮಾಡುವರು. ಲಿವರ್‌ಪೂಲಿನ ಬಳಿಯ ಗಾರ್ಸ್ಟನ್ನಿನಲ್ಲಿ ಬಾಸ್ಟಾಕ್ ಕಾರ್ಖಾನೆಯವರು ಮಾಡಿದ ಸಕ್ಕರೆಯನ್ನು ಕೊಂಡ ತಯಾರಕರ ಬಿಯರಿನಲ್ಲೆಲ್ಲ ವಿಷವು ಕಂಡಿತು. ಆ ಕಾರ್ಖಾನೆಗೆ ಗಂಧಕಾಮ್ಲವು ಲೀಡ್ಸ್ ನಗರದ ನಿಕಲ್ಸನ್ ಸಂಸ್ಥೆಯಿಂದ ಬರುತ್ತಿತ್ತು. ಮೊದಲು ಪಾಷಾಣರಹಿತವಾದ ಆಮ್ಲವನ್ನು ಒದಗಿಸುತ್ತಿದ್ದವರು ೧೯೦೦ರಲ್ಲಿ ಪಾಷಾಣವುಳ್ಳ ಮಾಕ್ಷಿಕದಿಂದ ತಯಾರಿಸಿದ, ಶುದ್ಧಿಮಾಡದ ಆಮ್ಲವನ್ನು ಕಳುಹಿಸತೊಡಗಿದ್ದರು. ಆಮ್ಲವು ಯಾವುದಕ್ಕೆ ಉಪಯೋಗವಾಗುವುದೆಂದು ಮಾರುವವರು ಅರಿಯರು. ಆಮ್ಲದಲ್ಲಿ ಏನಿದೆಯೆಂದು ಕೊಳ್ಳುವವರು ಪರೀಕ್ಷಿಸಲಿಲ್ಲ. ಸುಂಕದ ಅಧಿಕಾರಿಗಳು ಬಿಯರಿನ ಸಾಂದ್ರತೆಯನ್ನು ತಪ್ಪದೆ ಅಳೆಯುತ್ತಿದ್ದರು, ಏಕೆಂದರೆ ತೆರಿಗೆಯು ಅದನ್ನು ಅವಲಂಬಿಸಿತ್ತು. ವಿಷವನ್ನು ಹುಡುಕುವುದು ಯಾರೊಬ್ಬರ ಕೆಲಸವೂ ಆಗಿರಲಿಲ್ಲ. ೬,೦೦೦ಕ್ಕೂ ಮೇಲ್ಪಟ್ಟು ಜನರು ರೋಗಕ್ಕೀಡಾದರು. ಕಡಮೆಯೆಂದರೆ ೭೦ ಮಂದಿ ಮಡಿದರು.

೧೯೦೧ರಲ್ಲಿ ಲಾರ್ಡ್ ಕೆಲ್ವಿನ್ನನ ಅಧ್ಯಕ್ಷತೆಯಲ್ಲಿ ರಾಜನಿಯುಕ್ತ ವಿಚಾರಣಾಮಂಡಲಿಯು ನೇಮಕವಾಗಿ, ೧೯೦೩ರಲ್ಲಿ ಅಂತಿಮ ವರದಿಯನ್ನು ಒಪ್ಪಿಸಿತು. ಸಕ್ಕರೆಯೊಂದೇ ಅಲ್ಲ, ಕಲ್ಲಿದ್ದಲಿನ ಹೊಗೆ ತಾಕುವಂತೆ ಒಣಗಿಸಿದ ಮಾಲ್ಟಿನಲ್ಲಿಯೂ ಪಾಷಾಣವು ಸೇರುವುದೆಂದು ಆಗ ಕಂಡುಬಂದಿತು. ಹಾಗಾದರೆ ಹಿಂದಿನ ವರ್ಷಗಳಲ್ಲಿ ಕುಡುಕರ ನರರೋಗವೆಂದು ಹೆಸರುಪಡೆದ ರೋಗಿಗಳಲ್ಲಿ ಎಷ್ಟೋ ಮಂದಿ ಪಾಷಾಣಕ್ಕೆ ಬಲಿಯಾದವರಾಗಿರಬಹುದೆಂಬ ಸಂದೇಹಕ್ಕೆ ಆಸ್ಪದವಾಯಿತು. ದ್ರವಾಹಾರಗಳಲ್ಲಿ ಗ್ಯಾಲನ್ನಿಗೆ ಒಂದು ಗ್ರೇನಿನ ನೂರರಲ್ಲೊಂದು ಭಾಗಕ್ಕಿಂತ ಹೆಚ್ಚು ಪಾಷಾಣವಿರಕೂಡದೆಂದು ಮಂಡಲಿಯು ಸೂಚಿಸಿತು. ಇಂದಿನ ಮಾನದಲ್ಲಿ ಇದು ಲೀಟರಿಗೆ ಸುಮಾರು ೦.೧೪ ಮಿಲಿಗ್ರಾಮ್.

ಇಂತಹ ಮಿತಿಯನ್ನು ವಿಧಿಸಿದ ಮೇಲೆ, ಪಾಷಾಣವಿದೆಯೇ ಇಲ್ಲವೇ ಎಂಬ ಪ್ರಶ್ನೆಯು ಎಷ್ಟಿದೆಯೆಂಬ ಪ್ರಶ್ನೆಯಾಗಿ ಮಾರ್ಪಟ್ಟಿತು. ಮಾರ್ಷನ ಕ್ರಮವನ್ನು ಬರ್ಜೀಲಿಯಸನು ತಿದ್ದಿದ ರೂಪದಲ್ಲಿ, ಅನಿಲವನ್ನು ಕಾದ ಗಾಜಿನ ನಳಿಕೆಯ ಮೂಲಕ ಹಾಯಿಸಿ ಕನ್ನಡಿಯನ್ನು ಪಡೆಯುವರು. ಗೊತ್ತಾದ ಪರಿಮಾಣದ ಪಾಷಾಣಗಳಿಂದ ಕನ್ನಡಿಗಳ ಒಂದು ಶ್ರೇಣಿಯನ್ನು ಮೊದಲೇ ಸಿದ್ಧಮಾಡಿಟ್ಟು, ಬಿಯರಿನಿಂದ ಬಂದ ಕನ್ನಡಿಯನ್ನು ಅವುಗಳ ಪಕ್ಕದಲ್ಲಿ ಹಿಡಿದು ಹೋಲಿಸಿದರೆ ಪರಿಮಾಣವು ತಿಳಿಯುತ್ತದೆ. ಸತುವಿನ ಅಶುದ್ಧಿಯಿಂದ ಒದಗುವ ತೊಂದರೆಯನ್ನು ತಪ್ಪಿಸಲು, ಸರ್ಕಾರಿ ಪ್ರಯೋಗಶಾಲೆಯ ಮುಖ್ಯಸ್ಥನಾದ ಥಾರ್ಪನು ಸತುವನ್ನೇ ಬಿಟ್ಟು ವಿದ್ಯುತ್ಪ್ರವಾಹದಿಂದ ಜಲಜನಕವನ್ನು ಪಡೆಯುವ ಕ್ರಮವನ್ನು ರೂಪಿಸಿದನು. ಸ್ಮೆಥರ್ಸ್ಟನ ಮೊಕದ್ದಮೆಯು ಕಲಿಸಿದ ಪಾಠವು ಹೀಗೆ ಯಂತ್ರರೂಪವನ್ನು ತಾಳಿತು.

ಆದರೂ ಪರೀಕ್ಷೆಯು ತಾನು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುವುದೆಂಬುದಕ್ಕೆ ೧೯೩೦ರಲ್ಲಿ ಅಮೆರಿಕದಲ್ಲಿ ಮತ್ತೊಂದು ದುಃಖಕರವಾದ ನಿದರ್ಶನ ದೊರೆಯಿತು. ಮದ್ಯನಿಷೇಧದ ಆ ಕಾಲದಲ್ಲಿ, ಜಮೈಕದ ಶುಂಠಿಯ ಸಾರವೆಂಬ ಔಷಧವನ್ನು ಅದರ ಮದ್ಯಸಾರಕ್ಕಾಗಿ ಬಡವರು ಕೊಂಡು ಕುಡಿಯುತ್ತಿದ್ದರು. ಅದರಲ್ಲಿ ಶುಂಠಿಯ ಸತ್ತ್ವವು ತಕ್ಕಷ್ಟಿದೆಯೇ ಎಂದು ತಿಳಿಯಲು ಅಧಿಕಾರಿಗಳು ದ್ರವವನ್ನು ಇಂಗಿಸಿ, ಉಳಿದ ಗಷ್ಟನ್ನು ತೂಗುತ್ತಿದ್ದರು. ತೂಕವನ್ನು ಸರಿದೂಗಿಸಲು ಶುಂಠಿಗೆ ಬದಲಾಗಿ ಆವಿಯಾಗದ ಒಂದು ಕೈಗಾರಿಕಾ ತೈಲವನ್ನು ತಯಾರಕರು ಬೆರೆಸಿದರು. ಪರೀಕ್ಷೆಯಲ್ಲಿ ಅದು ತೇರ್ಗಡೆಯಾಯಿತು. ಕುಡಿದ ಹತ್ತಾರು ಸಾವಿರ ಜನರ ಕಾಲುಗಳು ಸ್ವಾಧೀನ ತಪ್ಪಿದುವು. ಮಾರಿಸ್ ಸ್ಮಿತ್, ಎಲಿಯಾಸ್ ಎಲ್ವೋವ್ ಎಂಬ ಸರ್ಕಾರಿ ವಿಜ್ಞಾನಿಗಳು ಅದೇ ವರ್ಷದಲ್ಲಿ ಆ ತೈಲವು ಕ್ರೆಸಾಲಿನ ಫಾಸ್ಫೇಟ್ ಸಂಯೋಗವೆಂದು ಕಂಡುಹಿಡಿದರು. ಇಲ್ಲಿ ವಂಚನೆಯನ್ನು ರೂಪಿಸಿದುದು ಪರೀಕ್ಷೆಯೇ ಎಂದರೂ ತಪ್ಪಾಗದು.

ನಮ್ಮ ನಾಡಿಗೂ ಈ ಚರಿತ್ರೆಯು ದೂರದ್ದಲ್ಲ. ೧೯೮೧ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಮಿಥೈಲ್ ಮದ್ಯಸಾರವು ಬೆರೆತ ಅಗ್ಗದ ಮದ್ಯವನ್ನು ಕುಡಿದು ೩೦೦ಕ್ಕೂ ಹೆಚ್ಚು ಜನರು ಸತ್ತರು. ಈ ಮದ್ಯಸಾರವನ್ನು ನಾಲಗೆಯಿಂದಾಗಲಿ ಮೂಗಿನಿಂದಾಗಲಿ ಬೇರ್ಪಡಿಸಲಾಗದು. ಅದು ದೇಹದೊಳಗೆ ಮೊದಲು ಫಾರ್ಮಾಲ್ಡಿಹೈಡಾಗಿ, ಬಳಿಕ ಫಾರ್ಮಿಕ್ ಆಮ್ಲವಾಗಿ ಪರಿಣಮಿಸಿ ಕಣ್ಣಿನ ನರವನ್ನು ಕೆಡಿಸುತ್ತದೆ. ಇದಕ್ಕೆ ಅರ್ಧ ದಿನವೋ ಒಂದು ದಿನವೋ ಹಿಡಿಯುವುದರಿಂದ, ಕುಡಿದವನಿಗೆ ಅಪಾಯವು ತಿಳಿಯುವ ಹೊತ್ತಿಗೆ ಅವನ ನೆರೆಯವರೂ ಅದನ್ನೇ ಕುಡಿದಿರುತ್ತಾರೆ. ಇದರ ಹಳೆಯ ಪರೀಕ್ಷೆಯು ಇದೇ ಪರಿಣಾಮವನ್ನು ಗಾಜಿನ ನಳಿಕೆಯಲ್ಲಿ ನಡೆಸುವುದಾಗಿದೆ. ಪರ್ಮಾಂಗನೇಟಿನಿಂದ ಮದ್ಯವನ್ನು ಉತ್ಕರ್ಷಿಸಿದರೆ ಮಿಥೈಲ್ ಮದ್ಯಸಾರವು ಫಾರ್ಮಾಲ್ಡಿಹೈಡಾಗುತ್ತದೆ. ಷಿಫ್ ಎಂಬವನ ಹೆಸರಿನ ದ್ರವವನ್ನು ಹಾಕಿದರೆ ನೇರಿಳೆಯ ಬಣ್ಣವು ತೋರುತ್ತದೆ. ಸಾಮಾನ್ಯ ಮದ್ಯಸಾರವೂ ಬೇರೊಂದು ಆಲ್ಡಿಹೈಡನ್ನು ಕೊಟ್ಟು ಮೋಸಮಾಡಬಹುದಾದುದರಿಂದ, ಗಂಧಕಾಮ್ಲವನ್ನು ಬಲವಾಗಿ ಸೇರಿಸಿ ಅದರ ಬಣ್ಣವನ್ನು ತಡೆಯುವರು. ಸೀಸವನ್ನೂ ಕಬ್ಬಿಣವನ್ನೂ ಆಮ್ಲದಿಂದ ಬೇರ್ಪಡಿಸಿದ ಹಾನೆಮಾನನ ಯುಕ್ತಿಯೇ ಇಲ್ಲಿಯೂ ಕೆಲಸಮಾಡುತ್ತಿದೆ. ೧೯೫೨ರಲ್ಲಿ ಜೇಮ್ಸ್, ಮಾರ್ಟಿನ್ ಎಂಬವರು ಪ್ರಕಟಿಸಿದ ಅನಿಲ ವರ್ಣಲೇಖನದ ಕ್ರಮದಿಂದ ಈ ಕೆಲಸವು ಬಹು ಸುಲಭವಾಯಿತು. ಉದ್ದವಾದ ನಳಿಕೆಯೊಂದರಲ್ಲಿ ಹಾಯುವಾಗ ಮದ್ಯದ ಆವಿಗಳು ಒಂದೊಂದಾಗಿ ಬೇರ್ಪಟ್ಟು, ತಮ್ಮ ತಮ್ಮ ಕಾಲಕ್ಕೆ ಹೊರಬಂದು, ತಮ್ಮ ಪರಿಮಾಣವನ್ನೂ ತಿಳಿಸುತ್ತವೆ.

ಈ ವೃತ್ತಾಂತವನ್ನು ಮೊದಲಿನಿಂದ ಕಡೆಯವರೆಗೆ ಪರಿಶೀಲಿಸಿದರೆ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. ಗೋಕೆಲನಲ್ಲಿ ಪ್ರಶ್ನೆಯಿತ್ತು, ಪರೀಕ್ಷೆಯಿರಲಿಲ್ಲ. ಆದರೂ ಅವನು ಸತ್ಯವನ್ನು ಮುಟ್ಟಿದನು. ೧೯೦೦ರ ಮ್ಯಾಂಚೆಸ್ಟರಿನಲ್ಲಿ ಪರೀಕ್ಷೆಗಳಿಗೆ ಕೊರತೆಯಿರಲಿಲ್ಲ, ಪ್ರಶ್ನೆಯು ಮಾತ್ರ ಇರಲಿಲ್ಲ, ಜನರು ಸತ್ತರು. ಪ್ರಶ್ನೆಯು ಹುಟ್ಟದಿದ್ದುದಕ್ಕೆ ಕಾರಣವು ರಸಾಯನಶಾಸ್ತ್ರದ ದಾರಿದ್ರ್ಯವಲ್ಲ. ಕುಡಿಯುವ ಬಡವನಿಗೆ ಬಂದ ರೋಗಕ್ಕೆ ಅವನ ಕುಡಿತವೇ ಸಾಕಷ್ಟು ಸಮಾಧಾನವೆಂಬ ಮನೋಭಾವ. ಬೇಕರನೂ ರೆನಾಲ್ಡ್ಸನೂ ಮಾಡಿದ ಮುಖ್ಯ ಉಪಕಾರವೆಂದರೆ ಈ ಸಮಾಧಾನವನ್ನು ಒಪ್ಪದಿದ್ದುದು. ಹೆರೆಫರ್ಡಿನವನಿಗೇಕೆ ಬರಲಿಲ್ಲ, ವಿಸ್ಕಿ ಕುಡಿಯುವವನಿಗೇಕೆ ಬರಲಿಲ್ಲ ಎಂದು ಅವರು ಕೇಳಿದರು. ಕೌಟಿಲ್ಯನ ಕಾಲದಲ್ಲಿ ಅರಸನೊಬ್ಬನ ಪಾತ್ರೆಗೆ ಸಲ್ಲುತ್ತಿದ್ದ ಎಚ್ಚರಿಕೆಯು ಬಡವನ ಪಾತ್ರೆಗೂ ಸಲ್ಲಬೇಕಾದುದೆಂಬ ಅರಿವು ಬರಲು ಎಷ್ಟು ಶತಮಾನಗಳು ಹಿಡಿದುವೆಂಬುದನ್ನು ಈ ಚರಿತ್ರೆಯು ತಿಳಿಸುತ್ತದೆ. ೧೯೮೧ರ ಬೆಂಗಳೂರನ್ನು ನೆನೆದರೆ, ಆ ಅರಿವು ಪ್ರಯೋಗಶಾಲೆಯಲ್ಲಿ ನೆಲೆಸಿದಷ್ಟು ದೃಢವಾಗಿ ಪೇಟೆಯಲ್ಲಿ ನೆಲೆಸಿರಲಿಲ್ಲವೆಂದೂ ಒಪ್ಪಿಕೊಳ್ಳಬೇಕಾಗುತ್ತದೆ.